ಒಂಟಿಗೈ ಸಿಪಾಯಿಯ ಕೋವಿ

ಮಾರ್ಚ್ 14, ಮಂಗಳವಾರ ಬೆಳಿಗ್ಗೆ 9.40ಕ್ಕೆ ಠಾಣೆಗೆ ಒಂದು ದೂರು ಬಂತು. ಕಳವಾಗಿದ್ದು ಒಂದೇ ವಸ್ತು. ದೂರು ಮಾತ್ರ ಹಳೆಯ ಟಿಪ್ಪಣಿಗಳೂ ಸೇರಿ ಮೂವತ್ತೊಂದು ಪುಟ. ತಂದವರು ನಿವೃತ್ತ ಗಣಿತದ ಮೇಷ್ಟ್ರು. ಊರೆಲ್ಲ ಅವರನ್ನು ಕೋವಿ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಹಿಂದಿನ ಕಾಲದ ಸೈನ್ಯಗಳ ಕೋವಿಗಳನ್ನು, ಅದರಲ್ಲೂ ಯಾರೋ ತಮ್ಮ ಅನುಕೂಲಕ್ಕೆ ತಿದ್ದಿ ಬದಲಾಯಿಸಿಕೊಂಡ ವಿಚಿತ್ರ ಕೋವಿಗಳನ್ನು ಹುಡುಕಿ ತಂದು, ಅಳೆದು, ಚಿತ್ರ ಬರೆದು, ಅವುಗಳ ಹಿಂದಿನ ಕತೆ ಕೆದಕುವುದು ಅವರ ಹುಚ್ಚು. ಮನೆಯಲ್ಲಿ ಅಂಥವು ಹನ್ನೊಂದಿದ್ದವು. ಎಲ್ಲಕ್ಕೂ ಪುರಾತನ ವಸ್ತುವೆಂಬ ನೋಂದಣಿ ಪತ್ರವಿತ್ತು. ಈಗ ಹತ್ತು ಉಳಿದಿದ್ದವು.

ದೂರು ಬರೆದುಕೊಳ್ಳಲು ಕೂತ ದಫೇದಾರನಿಗೆ ಕಾಗದದ ಕಟ್ಟು ನೋಡಿಯೇ ಸುಸ್ತಾಯಿತು.

“ಸಾರ್, ಅರ್ಧ ಪುಟ ಸಾಕಿತ್ತು.”

“ಅರ್ಧ ಪುಟದಲ್ಲಿ ಅದೆಂಥ ಕೋವಿ ಅಂತ ಗೊತ್ತಾಗಲ್ಲಪ್ಪ.”

“ಕಳ್ಳ ಸಿಕ್ಕರೆ ಆಯ್ತಲ್ವಾ ಸಾರ್.”

“ಕಳ್ಳ ಯಾರಿಗೆ ಬೇಕು? ನನಗೆ ಕೋವಿ ಬೇಕು. ಶುಕ್ರವಾರದೊಳಗೆ ಬೇಕು.”

ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರ ಹೆಂಡತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ಗಡಿಯಾರ ನೋಡುತ್ತಿದ್ದರು. ಆ ಕೋವಿಯ ಪುರಾಣವನ್ನು ಅವರು ಹನ್ನೆರಡು ವರ್ಷದಿಂದ ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ ಕೇಳಿದ್ದರು.

“ಶುಕ್ರವಾರ ಏನಿದೆ?” ಎಂದು ಒಳಕೋಣೆಯಿಂದ ಬಂದ ಇನ್ಸ್‌ಪೆಕ್ಟರ್ ಕೇಳಿದರು. ಆಕೆ ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಮಾತು ಕಡಿಮೆ, ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಎದುರಿನವರ ಮುಖದಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಮೇಷ್ಟ್ರು ಸರಿಯಾಗಿ ಕೂತರು. ಕೋವಿ ಇನ್ನೂರು ವರ್ಷ ಹಳೆಯದು. ಕಲ್ಲು ಉಜ್ಜಿ ಕಿಡಿ ಹಾರಿಸುವ ಜಾತಿಯದು. ಆದರೆ ಕಲ್ಲು ಕಚ್ಚಿದ ಸುತ್ತಿಗೆಗೆ ಯಾರೋ ಉದ್ದನೆಯ ಹಿತ್ತಾಳೆಯ ಬಾಲವೊಂದನ್ನು ಬೆಸೆದಿದ್ದರು. ಹಿಡಿಯ ಕೆನ್ನೆ ಒರಗುವ ಭಾಗವನ್ನು ಆಳವಾಗಿ ಕೆತ್ತಿದ್ದರು. ನಳಿಗೆಯ ಕೆಳಗೆ ಒಂದು ಕೊಕ್ಕೆ ಇತ್ತು. ಇದು ಒಂದು ಕೈ ಕಳೆದುಕೊಂಡ ಸಿಪಾಯಿಗಾಗಿ ಮಾಡಿದ್ದು, ಕೈ ಹೋದ ಮೇಲೂ ಅವನು ಸೈನ್ಯ ಬಿಡದೆ ಹೋರಾಡಿದ್ದ ಎಂಬುದು ಮೇಷ್ಟ್ರ ಸಿದ್ಧಾಂತ. ಶುಕ್ರವಾರ ಹನ್ನೊಂದು ಗಂಟೆಗೆ ವಸ್ತು ಸಂಗ್ರಹಾಲಯದ ತಜ್ಞರು ಬರುವವರಿದ್ದರು. ಅವರ ಎದುರು, ಒಂದು ವರ್ಕ್‌ಶಾಪಿನಲ್ಲಿ, ನಳಿಗೆಯ ಬುಡವನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಬಿಚ್ಚಿ, ಒಳಗಿನ ಕೊನೆಯ ಗುಟ್ಟನ್ನು ತೋರಿಸುವುದೆಂದು ನಿಗದಿಯಾಗಿತ್ತು.

“ಯಾರ ಮೇಲೆ ಅನುಮಾನ?”

“ಪಕ್ಕದ ಊರಲ್ಲಿ ಇನ್ನೊಬ್ಬ ಸಂಗ್ರಾಹಕ ಇದ್ದಾನೆ. ನನ್ನ ಲೇಖನಕ್ಕೆ ತಕರಾರು ತೆಗೆದು ಪತ್ರ ಬರೆದಿದ್ದ.”

ದಫೇದಾರ್ ಫೋನ್ ಮಾಡಿದ. ಆ ಸಂಗ್ರಾಹಕರು ಶನಿವಾರದಿಂದ ಆಸ್ಪತ್ರೆಯಲ್ಲಿದ್ದರು, ಮೂತ್ರಕೋಶದ ಕಲ್ಲು ತೆಗೆಸಿಕೊಂಡಿದ್ದರು. ಕೋವಿ ಕಳವಾದ ಸುದ್ದಿ ಕೇಳಿ ಅವರಿಗೆ ನೋವು ಸ್ವಲ್ಪ ಕಡಿಮೆಯಾದಂತೆ ಕಂಡಿತು.

ದಫೇದಾರ್ ಮತ್ತೆ ಮೂವತ್ತೊಂದು ಪುಟಕ್ಕೆ ಬಂದ. ಹದಿನೇಳನೆಯ ಪುಟದಲ್ಲಿ ಅವನ ಬೆರಳು ನಿಂತಿತು. ಠಾಣೆಗೆ ಬರುವ ಮೊದಲು ಒಂಬತ್ತು ವರ್ಷ ಪೊಲೀಸ್ ಆಯುಧಾಗಾರದಲ್ಲಿ ಕೋವಿ ಒರೆಸಿ ಎಣ್ಣೆ ಹಚ್ಚಿದವನು ಅವನು.

“ಸಾರ್, ಈ ಅಳತೆ ನೀವೇ ತೆಗೆದಿದ್ದಾ?”

“ಮೂವತ್ನಾಲ್ಕು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು.”

“ಹಂಗಲ್ಲ ಸಾರ್. ಮದ್ದು ಗಿಡಿಯೋ ಕಂಬಿ, ಗಜ, ಅದನ್ನ ನಳಿಗೆ ಒಳಗೆ ಬಿಟ್ಟು ಅಳೆದಿದ್ದೀರಿ, ಆಮೇಲೆ ಹೊರಗಿಂದ ಅಳೆದಿದ್ದೀರಿ. ಹತ್ತು ಕೋವಿಗೆ ವ್ಯತ್ಯಾಸ ಮುಕ್ಕಾಲು ಇಂಚು. ಬುಡ ಮುಚ್ಚೋ ಕಬ್ಬಿಣ ಅಷ್ಟು ಇರತ್ತೆ, ಸರಿ. ಇದೊಂದಕ್ಕೆ ಎರಡೂ ಮುಕ್ಕಾಲು.”

“ಅದೇ ಕಣಯ್ಯಾ ಗುಟ್ಟು!” ಮೇಷ್ಟ್ರ ಕಣ್ಣು ಹೊಳೆಯಿತು. “ಒಂಟಿಗೈಯವನಿಗೆ ಕೋವಿ ಒದೆಯಬಾರದು ಅಂತ, ಕಮ್ಮಾರ ಬುಡದಲ್ಲಿ ಇನ್ನೂ ಎರಡು ಇಂಚು ಕಬ್ಬಿಣ ಕೂರಿಸಿದ್ದಾನೆ. ಮದ್ದು ಕಮ್ಮಿ ಹಿಡೀಲಿ ಅಂತ. ನಾಲ್ಕು ಪುಟ ಬರೆದಿದ್ದೀನಿ ನೋಡು.”

ದಫೇದಾರ್ ಮೇಷ್ಟ್ರನ್ನು ಬಿಟ್ಟು ಇನ್ಸ್‌ಪೆಕ್ಟರ್ ಕಡೆ ತಿರುಗಿದ.

“ಮೇಡಂ, ಅದು ಕಬ್ಬಿಣ ಅಲ್ಲ. ಈಡು. ಮದ್ದು, ಅದರ ಮೇಲೆ ಗುಂಡು, ಅದರ ಮೇಲೆ ಗಿಡಿದಿರೋ ಕಾಗದ. ಮೂರೂ ಸೇರಿ ಲೆಕ್ಕ ಹಾಕಿದ್ರೆ ಎರಡು ಇಂಚೇ ಆಗತ್ತೆ. ಆ ಕೋವಿ ತುಂಬಿದೆ.”

“ಇಷ್ಟು ಹಳೇ ಮದ್ದು ಹತ್ತಿಕೊಳ್ಳತ್ತಾ?”

“ಒಣಗಿದ್ರೆ ಅಜ್ಜನ ಕಾಲದ್ದೂ ಹತ್ತಿಕೊಳ್ಳತ್ತೆ. ಬೆಂಕಿ ಸೋಕಿದ್ರೆ ಸಾಕು.”

ಮೇಷ್ಟ್ರು ಹದಿನೇಳನೆಯ ಪುಟವನ್ನು ತಮ್ಮ ಕಡೆ ಎಳೆದುಕೊಂಡರು. ಬೇರೆಯವರ ಕೋವಿಯಲ್ಲಿ ಎರಡು ಇಂಚು ಕಡಿಮೆ ಬಂದಿದ್ದರೆ ಈಡು ಎಂದು ಅವರೇ ಮೊದಲು ಹೇಳುತ್ತಿದ್ದರು. ತಮ್ಮ ಸಿಪಾಯಿಯ ಕೋವಿ ಎಂದ ಕೂಡಲೆ ಅದೂ ಒಂದು ಅಪರೂಪದ ಮಾರ್ಪಾಟಾಗಿ ಕಂಡಿತ್ತು. ಅವರ ಹೆಂಡತಿ ಗಡಿಯಾರ ನೋಡುವುದನ್ನು ಬಿಟ್ಟು ಗಂಡನ ಮುಖ ನೋಡಿದರು.

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಈಗ ಕಳ್ಳನನ್ನು ಹಿಡಿಯುವುದಕ್ಕಿಂತ ಮುಖ್ಯವಾದ ಕೆಲಸ ಬೇರೆ ಇತ್ತು. ಕದ್ದವನು ಅದನ್ನು ಗುಜರಿಗೆ ಹಾಕಿದರೆ, ಗುಜರಿಯವನು ಕತ್ತರಿಸಲು ಬೆಂಕಿ ಹಿಡಿದರೆ, ಒಬ್ಬನ ಪ್ರಾಣ ಹೋಗುವುದು ಖಂಡಿತ. ಗುಜರಿ ಅಂಗಡಿ, ವೆಲ್ಡಿಂಗ್ ಅಂಗಡಿ, ಹಳೆ ಸಾಮಾನಿನ ವ್ಯಾಪಾರಿ ಹೀಗೆ ಇಪ್ಪತ್ತಾರು ಕಡೆ ಠಾಣೆಯಿಂದ ಫೋನ್ ಹೋಯಿತು. ಎಲ್ಲರಿಗೂ ಒಂದೇ ಮಾತು: ಹಿತ್ತಾಳೆ ಬಾಲದ ಹಳೆ ಕೋವಿ ಬಂದರೆ ಮುಟ್ಟಬೇಡಿ, ಬೆಂಕಿ ಹತ್ತಿರ ಇಡಬೇಡಿ, ನಮಗೆ ಹೇಳಿ.

ಸ್ಥಳ ಪಂಚನಾಮೆ 11.15ಕ್ಕೆ ಶುರುವಾಯಿತು. ಮೇಷ್ಟ್ರ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಮರದ ಬೀರು. ಒಳಗೆ ಕೋವಿಗಳು ಸಾಲಾಗಿ ನಿಂತಿದ್ದವು, ಐದನೆಯದರ ಜಾಗ ಖಾಲಿ. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು, ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕೀಲಿ ಸದಾ ಮೇಷ್ಟ್ರ ಜೇಬಿನಲ್ಲಿರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಸೋಪಿನ ಡಬ್ಬಿಯ ಪಕ್ಕ ಇಡುತ್ತಿದ್ದರು ಎಂದು ಅವರ ಹೆಂಡತಿ ಪಂಚರ ಎದುರು ತಿಳಿಸಿದರು.

“ನಿನ್ನೆ ಮನೇಲಿ ಯಾರೂ ಇಲ್ಲದ ಹೊತ್ತು?”

“ನಾಲ್ಕರಿಂದ ಆರೂವರೆ ತನಕ ಮೇಡಂ,” ಎಂದರು ಆಕೆ. “ಇವರ ಕಣ್ಣು ತೋರಿಸೋಕೆ ಹೋಗಿದ್ವಿ.”

“ಬಂದ ಮೇಲೆ ನೋಡ್ಲಿಲ್ವಾ?”

“ಕಣ್ಣಿಗೆ ಔಷಧಿ ಬಿಟ್ಟಿದ್ರು. ನಾನೇ ಇವರಿಗೆ ಮಂಜುಮಂಜಾಗಿ ಕಾಣ್ತಿದ್ದೆ.”

ಇನ್ಸ್‌ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳಿಂದ ಬೀರುವನ್ನು ಗೋಡೆಯಿಂದ ಆಚೆ ಎಳೆಸಿದರು. ನೆಲದಲ್ಲಿ ಹೊಸ ಗೀರು ಇತ್ತು. ಯಾರೋ ಇತ್ತೀಚೆಗೆ ಇದನ್ನು ಸನ್ನೆಕೋಲಿನಿಂದ ಮೀಟಿ ಸರಿಸಿದ್ದರು. ಹಿಂಬದಿಯ ಹಲಗೆಗೆ ಹನ್ನೆರಡು ಸ್ಕ್ರೂ. ನಾಲ್ಕರ ಸುತ್ತ ಧೂಳು ಅಳಿಸಿತ್ತು. ಕದ್ದವನು ಹಲಗೆ ಬಿಚ್ಚಿ, ಕೋವಿ ತೆಗೆದು, ಹಲಗೆಯನ್ನು ಮತ್ತೆ ಕೂರಿಸಿ ಹೋಗಿದ್ದ. ಅಷ್ಟೇ ಅಲ್ಲ, ಬಿಗಿದ ನಾಲ್ಕೂ ಸ್ಕ್ರೂಗಳ ತಲೆಯ ಗೀರನ್ನು ಉಳಿದ ಎಂಟರ ಹಾಗೆಯೇ ನೆಟ್ಟಗೆ ಮೇಲಕ್ಕೆ ನಿಲ್ಲಿಸಿದ್ದ.

“ಕಳ್ಳತನಕ್ಕೆ ಬಂದವನಿಗೆ ಇಷ್ಟು ಪುರುಸೊತ್ತು ಇರತ್ತಾ?” ಎಂದ ದಫೇದಾರ್.

“ಪುರುಸೊತ್ತಲ್ಲ. ಅಭ್ಯಾಸ,” ಎಂದರು ಇನ್ಸ್‌ಪೆಕ್ಟರ್. “ಮೇಷ್ಟ್ರೆ, ಬೇರೆ ಏನಾದ್ರೂ ಹೋಗಿದ್ಯಾ? ಡ್ರಾಯರೆಲ್ಲ ನೋಡಿ.”

ಮೇಷ್ಟ್ರು ಒಂದೊಂದೇ ಡ್ರಾಯರ್ ತೆರೆದು ಪಟ್ಟಿಯೊಂದಿಗೆ ತಾಳೆ ನೋಡಿದರು. ಮೂರನೆಯದರಲ್ಲಿ ನಿಂತರು.

“ಗುಂಡು ಕೀಳೋ ತಿರುಪು ಇಲ್ಲ.”

“ಹಾಗಂದ್ರೆ?”

ದಫೇದಾರ್ ವಿವರಿಸಿದ. ಗಜದ ತುದಿಗೆ ಹಾಕುವ ಚೂಪು ಸ್ಕ್ರೂ ಅದು. ತುಂಬಿದ ಕೋವಿಯನ್ನು ಹಾರಿಸದೆ ಖಾಲಿ ಮಾಡಬೇಕೆಂದರೆ, ಅದನ್ನು ನಳಿಗೆಯೊಳಗೆ ಬಿಟ್ಟು ಸೀಸದ ಗುಂಡಿಗೆ ತಿರುಗಿಸಿ ಚುಚ್ಚಿ ಹೊರಗೆಳೆಯುತ್ತಾರೆ. ಬೇರಾವ ಕೆಲಸಕ್ಕೂ ಅದು ಬಾರದು.

ಅಂದರೆ ಕದ್ದವನಿಗೆ ಈಡು ಇರುವುದು ಗೊತ್ತಿತ್ತು. ಇನ್ಸ್‌ಪೆಕ್ಟರ್‌ಗೆ ಬೆಳಿಗ್ಗೆಯಿಂದ ಎದೆಯ ಮೇಲಿದ್ದ ಭಾರ ಅರ್ಧ ಇಳಿಯಿತು, ಇನ್ನರ್ಧ ಹೆಚ್ಚಾಯಿತು. ಈಗ ಅವನು ಎಲ್ಲೋ ಕೂತು ಆ ಗುಂಡನ್ನು ಕೀಳುತ್ತಿರಬಹುದು. ಒಂದು ಕಿಡಿ ಎದ್ದರೆ ಸಾಕು.

“ಇದರಲ್ಲಿ ಈಡು ಇದೆ ಅಂತ ನಿಮಗೆ ಯಾರಾದ್ರೂ ಮೊದಲು ಹೇಳಿದ್ರಾ?”

“ಇಲ್ಲ,” ಎಂದರು ಮೇಷ್ಟ್ರು.

“ಹೇಳಿದ್ರಲ್ಲ,” ಎಂದರು ಹೆಂಡತಿ.

“ಯಾರು?”

“ನಮ್ಮ ಬಡಗಿ. ಹೋದ ವಾರ ಕಿಟಕಿ ಸರಿಮಾಡೋಕೆ ಬಂದಾಗ ಇವರು ಶುಕ್ರವಾರದ ಕಾರ್ಯಕ್ರಮದ ಬಗ್ಗೆ ಹೇಳ್ತಿದ್ರು. ‘ಮೇಷ್ಟ್ರೆ, ಬೆಂಕಿ ಹಾಕೋ ಮುಂಚೆ ಒಳಗೆ ಮದ್ದಿದೆಯೋ ಏನೋ ನೋಡಿ’ ಅಂದ್ರು. ಅದಕ್ಕೆ ಇವರು, ‘ನೀನು ಮರ ನೋಡ್ಕೋ, ಕಬ್ಬಿಣ ನಾನು ನೋಡ್ಕೋತೀನಿ’ ಅಂದ್ಬಿಟ್ರು.”

ಮೇಷ್ಟ್ರು ಖಾಲಿ ಜಾಗವನ್ನೇ ನೋಡುತ್ತಿದ್ದರು.

“ಈ ಬೀರು ಮಾಡಿದ್ದು ಯಾರು?”

“ಅವರೇ. ಮನೆ ಹಿತ್ತಿಲ ಬಾಗಿಲಿನ ಅಗುಳಿ ಕೂಡ ಅವರೇ ಹಾಕಿದ್ದು. ಉಳಿ ತೂರಿಸಿ ಎತ್ತಿದ್ರೆ ಅದು ತೆಗೆಯತ್ತೆ, ಒಂದು ಚಿಲಕ ಹಾಕಿಸಿ ಅಂತ ಎಷ್ಟೋ ಸಲ ಹೇಳಿದ್ರು. ನಾವೇ ಹಾಕಿಸ್ಲಿಲ್ಲ.”

ಬಡಗಿಯ ಅಂಗಡಿ ಎರಡು ಬೀದಿ ಆಚೆ ಇತ್ತು. ಜೀಪು ತಲುಪಿದಾಗ 12.50. ಅರವತ್ತೊಂದು ವರ್ಷದ ಆತನಿಗೆ ಬೀದಿಯವರು ಇಟ್ಟ ಹೆಸರು ಮೂಲೆಮಟ್ಟ, ಬಡಗಿಗಳು ಮೂಲೆಯ ನೇರ ನೋಡುವ ಪಟ್ಟಿ. ಪಕ್ಕದ ಟೈಲರ್ ಅಂಗಡಿಯ ಬೋರ್ಡು ಸೊಟ್ಟಗಿದ್ದರೂ ಆತನಿಗೆ ನಿದ್ದೆ ಬರುವುದಿಲ್ಲ ಎಂದು ಟೈಲರೇ ಹೇಳಿದ. ಅಂಗಡಿಯ ಮುಂಬಾಗಿಲು ಮುಚ್ಚಿತ್ತು. ನಿನ್ನೆ ಸಂಜೆಯಿಂದ ಯಾರನ್ನೂ ಒಳಗೆ ಬಿಟ್ಟಿಲ್ಲವಂತೆ.

ಇನ್ಸ್‌ಪೆಕ್ಟರ್ ಬೀದಿಯ ಜನರನ್ನು ದೂರ ಕಳಿಸಿ, ಸಂದಿಯಿಂದ ಹಿತ್ತಿಲಿಗೆ ಹೋದರು. ದಫೇದಾರ್ ಹಿಂದೆಯೇ ಬಂದ.

ಹಿತ್ತಿಲಲ್ಲಿ ಮರಳು ತುಂಬಿದ ಚೀಲಗಳ ಸಾಲು. ಅದರ ಹಿಂದೆ ನೀರಿನ ತೊಟ್ಟಿ. ತೊಟ್ಟಿಯಲ್ಲಿ ಬುಡ ಮುಳುಗಿಸಿ ಕೋವಿಯನ್ನು ಓರೆಯಾಗಿ ಕಟ್ಟಿತ್ತು, ಬಾಯಿ ಖಾಲಿ ಗೋಡೆಯ ಕಡೆಗೆ. ಬಡಗಿ ಪಕ್ಕದಲ್ಲಿ ಮಂಡಿಯೂರಿ, ಮುಖವನ್ನು ಆಚೆ ತಿರುಗಿಸಿಕೊಂಡು, ನಳಿಗೆಯಿಂದ ಹೊರಬಂದ ಗಜವನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ಬಿಡಬೇಡಿ, ಎಳೀಲೂ ಬೇಡಿ,” ಎಂದ ದಫೇದಾರ್ ಮೆಲ್ಲಗೆ. “ಎಷ್ಟು ಹೊತ್ತಿಂದ ನೆನೆಸಿದ್ದೀರಿ?”

ಬಡಗಿ ಬೆಚ್ಚಲಿಲ್ಲ. “ನಿನ್ನೆ ಸಂಜೆ ಆರರಿಂದ. ಒಳಗೂ ನೀರು ಹೊಯ್ದಿದ್ದೀನಿ. ಕಿಡಿ ಹೋಗೋ ಪಕ್ಕದ ತೂತಿಗೆ ಬೆಣೆ ಹೊಡೆದಿದ್ದೀನಿ, ಸೋರದ ಹಾಗೆ.”

“ತಿರುಪು ಕಚ್ಚಿದ್ಯಾ?”

“ಕಚ್ಚಿದೆ. ಗುಂಡು ಅಲ್ಲಾಡ್ತಿದೆ. ಇನ್ನೊಂದು ಎಳೆತ ಅಷ್ಟೆ.”

ದಫೇದಾರ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅರ್ಧಕ್ಕೆ ಬಿಟ್ಟರೆ ಮುಂದೆ ಮುಟ್ಟುವವನಿಗೆ ಅಪಾಯ. ಇನ್ಸ್‌ಪೆಕ್ಟರ್ ಚೀಲಗಳ ಹಿಂದೆ ಕೂತು ತಲೆಯಾಡಿಸಿದರು. ದಫೇದಾರ್ ತೊಟ್ಟಿಯ ಬಳಿ ಹೋಗಿ ನಳಿಗೆಯನ್ನು ಅದುಮಿ ಹಿಡಿದ. ಬಡಗಿ ಉಸಿರು ಬಿಗಿಹಿಡಿದು ಎಳೆದ. ಮೊದಲು ಏನೂ ಆಗಲಿಲ್ಲ, ಆಮೇಲೆ ಗಜ ಒಮ್ಮೆಲೇ ಸಡಿಲವಾಗಿ ಆತ ಹಿಂದಕ್ಕೆ ಕೂತುಬಿಟ್ಟ. ಗಜದ ತುದಿಯಲ್ಲಿ ನೆಲ್ಲಿಕಾಯಿ ಗಾತ್ರದ ಸೀಸದ ಗುಂಡು ಇತ್ತು. ಅದರ ಹಿಂದೆಯೇ ಕಪ್ಪು ರಾಡಿ ಹರಿದು ಬಂತು.

ದಫೇದಾರ್ ಕಪ್ಪು ರಾಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿದ. “ಮದ್ದೇ ಮೇಡಂ. ಎಲ್ಲ ನೀರಾಯ್ತು. ಇನ್ನು ಈ ಕೋವಿ ಮೇಲೆ ಬಟ್ಟೆ ಒಣಗಿಸಬಹುದು.”

ಮೂವರಿಗೂ ಒಟ್ಟಿಗೇ ನಗು ಬಂತು. ಪೊಲೀಸರೂ ಆರೋಪಿಯೂ ಮರಳಿನ ಚೀಲದ ಮೇಲೆ ಸಾಲಾಗಿ ಕೂತು ಬೆವರು ಒರೆಸಿಕೊಂಡರು. ಇನ್ಸ್‌ಪೆಕ್ಟರ್ ಮೊದಲ ಕೆಲಸವಾಗಿ ಠಾಣೆಗೆ ಫೋನ್ ಮಾಡಿ, ಇಪ್ಪತ್ತಾರು ಅಂಗಡಿಗೂ ಭಯ ಬೇಡವೆಂದು ಹೇಳಿಸಿದರು.

ಜಪ್ತಿ ಪಂಚನಾಮೆ ಮಧ್ಯಾಹ್ನ 1.30ಕ್ಕೆ ನಡೆಯಿತು. ಹಿತ್ತಾಳೆ ಬಾಲದ ಕೋವಿ ಒಂದು. ಗುಂಡು ಕೀಳುವ ತಿರುಪು ಒಂದು. ಸೀಸದ ಗುಂಡು ಒಂದು. ಗುಂಡಿನ ಮೇಲೆ ಗಿಡಿದಿದ್ದ ಕಾಗದದ ಉಂಡೆ ಒಂದು. ಬಡಗಿ ಅದನ್ನು ಮೊದಲೇ ಕಿತ್ತು ಕಿಟಕಿಯ ಮೇಲಿಟ್ಟಿದ್ದ. ಬಿಡಿಸಿ ನೋಡಿದರೆ ಕ್ಯಾಲೆಂಡರಿನ ಹಾಳೆ. ಇಸವಿ ಓದುವಂತಿತ್ತು. ಮೂವತ್ತೆಂಟು ವರ್ಷ ಹಿಂದಿನದು.

“ಈ ಈಡು ತುಂಬಿದ್ದು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ನಾನೇ ಮೇಡಂ.”

“ಆ ಹಿತ್ತಾಳೆ ಬಾಲ?”

“ಅದೂ ನಾನೇ. ಬಾಗಿಲ ಹಿಡಿಯಿಂದ ಮಾಡಿದ್ದು.”

ಹೇಳಿಕೆ ಒಂದೂವರೆ ಪುಟದಲ್ಲಿ ಮುಗಿಯಿತು. ಬಡಗಿಯ ಅಣ್ಣ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಗರಗಸಕ್ಕೆ ಸಿಕ್ಕಿ ಕೈ ಹೋಯಿತು. ಕೋವಿ ಹಾರಿಸಲು ಬಂದರೆ ಕಾವಲಿನ ಕೆಲಸ ಕೊಡುತ್ತೇನೆ, ಇಲ್ಲದಿದ್ದರೆ ಮನೆಗೆ ಹೋಗು ಎಂದ ಮಾಲೀಕ. ಮಿಲ್ಲಿನ ಮೂಲೆಯಲ್ಲಿ ಹಳೆ ಕಾಲದ ಸೈನ್ಯದ ಕೋವಿಯೊಂದು ಬಿದ್ದಿತ್ತು. ಹತ್ತೊಂಬತ್ತು ವರ್ಷದ ತಮ್ಮ ಅದನ್ನು ಅಣ್ಣನ ದೇಹಕ್ಕೆ ಒಪ್ಪುವಂತೆ ತಿದ್ದಿದ. ಅಣ್ಣನ ಕೆಲಸ ಉಳಿಯಿತು. ನಾಲ್ಕು ವರ್ಷದ ನಂತರ ಅಣ್ಣ ಜ್ವರದಲ್ಲಿ ತೀರಿಕೊಂಡ. ಮಿಲ್ಲು ಮುಚ್ಚಿತು. ತಮ್ಮ ಕೊನೆಯ ಬಾರಿ ತುಂಬಿಕೊಟ್ಟ ಈಡು ಒಳಗೇ ಇದ್ದಂತೆ ಕೋವಿ ಗುಜರಿಗೆ ಹೋಯಿತು. ಅಲ್ಲಿಂದ ಯಾರ ಯಾರದೋ ಕೈ ದಾಟಿ ಮೇಷ್ಟ್ರ ಮನೆ ಸೇರಿತು.

“ಹನ್ನೆರಡು ವರ್ಷದಿಂದ ಯಾಕೆ ಹೇಳ್ಲಿಲ್ಲ?”

“ಬೀರು ಅಳತೆ ತಗೊಳ್ಳೋಕೆ ಹೋದಾಗ ನೋಡ್ದೆ. ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟ್ರಲ್ಲಿ ಮೇಷ್ಟ್ರು ಅದನ್ನ ಎತ್ಕೊಂಡು ಬಂದು, ‘ನೋಡಯ್ಯಾ, ಎಂಥ ಧೀರ ಸಿಪಾಯಿ, ಕೈ ಹೋದ್ರೂ ಬಿಡ್ಲಿಲ್ಲ’ ಅಂದ್ರು. ನಮ್ಮಣ್ಣನ ಬಗ್ಗೆ ಯಾರೂ ಹಾಗೆ ಹೇಳಿರ್ಲಿಲ್ಲ ಮೇಡಂ. ಮಿಲ್ಲಿನವರು ಅವನನ್ನ ಕುಂಟ್ಗೈ ಅಂತಿದ್ರು. ಅದನ್ನ ಕೇಳೋಕೇ ಆ ಮನೆಗೆ ಹೋಗ್ತಿದ್ದೆ. ಕಿಟಕಿ ಕೆಟ್ಟಿಲ್ಲದಿದ್ರೂ ಹೋಗ್ತಿದ್ದೆ.”

“ಈಡು ಇರೋದು?”

“ಗೋಡೆ ಬೀರಲ್ಲಿ ನಿಂತಿರೋದು ತಾನೆ, ಏನಾಗತ್ತೆ ಅಂದ್ಕೊಂಡಿದ್ದೆ. ಬೆಂಕಿ ಹಾಕ್ತೀನಿ ಅಂದಾಗ ಜೀವ ಬಾಯಿಗೆ ಬಂತು. ಹೇಳಿದ್ರೆ ಕೇಳ್ಲಿಲ್ಲ. ಇವತ್ತು ಸಂಜೆ ಅವರು ಲೈಬ್ರರಿಗೆ ಹೋದಾಗ ಇದ್ದ ಹಾಗೇ ಇಟ್ಟುಬಿಡೋಣ ಅಂತಿದ್ದೆ. ಆಮೇಲೆ ಬುಡ ಬಿಚ್ಚಿ ನೋಡಿದ್ರೂ ಖಾಲಿ ಇರ್ತಿತ್ತು. ಅವರ ಸಿಪಾಯಿ ಅವರಿಗೆ ಇರ್ತಿದ್ದ.”

ಇನ್ಸ್‌ಪೆಕ್ಟರ್ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ಲಾಭದ ಆಸೆ ಇಲ್ಲ. ದೂರುದಾರರ ಜೀವ ಉಳಿಯಬೇಕು, ಅವರ ನಂಬಿಕೆಯೂ ಕೆಡಬಾರದು ಎಂದು ಆರೋಪಿಯು ಹೀಗೆ ಮಾಡಿರುತ್ತಾನೆ.

ಆದರೂ ಬೀಗ ಹಾಕಿದ ಮನೆಗೆ ನುಗ್ಗಿದ್ದು ನುಗ್ಗಿದ್ದೇ. ಸಂಜೆ 4.10ಕ್ಕೆ ಬಡಗಿಯನ್ನು ವಿಧಿವತ್ತಾಗಿ ದಸ್ತಗಿರಿ ಮಾಡಲು ಠಾಣೆಯಲ್ಲಿ ಕಾಗದ ಸಿದ್ಧವಾಯಿತು. ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಕರೆಸಿದ್ದರು. ಇನ್ಸ್‌ಪೆಕ್ಟರ್ ಗುಂಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕ್ಯಾಲೆಂಡರಿನ ಹಾಳೆ ಇಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮೇಷ್ಟ್ರು ಹಾಳೆಯ ಇಸವಿಯನ್ನು ಬಹಳ ಹೊತ್ತು ನೋಡಿದರು. ಹನ್ನೆರಡು ವರ್ಷದ ಕೆಲಸ ಅಲ್ಲೇ ಮುಗಿದಿತ್ತು. ಅವರ ಹೆಂಡತಿ ಮಾತ್ರ ಗುಂಡನ್ನು ನೋಡುತ್ತಿದ್ದರು.

“ಶುಕ್ರವಾರ ನೀವು ಆ ಬೆಂಕಿ ಪಕ್ಕದಲ್ಲೇ ನಿಂತಿರ್ತಿದ್ರಿ,” ಎಂದರು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಕೈಚೀಲದಲ್ಲಿ ಕರವಸ್ತ್ರ ಹುಡುಕಿ, ಸಿಗದೆ, ಗಂಡನ ತೋಳಿಗೇ ಮುಖ ಒರೆಸಿಕೊಂಡರು.

ಬಡಗಿ ತಲೆ ತಗ್ಗಿಸಿಕೊಂಡು ನಿಂತಿದ್ದ. “ಕ್ಷಮಿಸಿ ಮೇಷ್ಟ್ರೆ. ನಿಮ್ಮ ಸಿಪಾಯಿ...”

“ಯಾವ ಕೈ?” ಎಂದರು ಮೇಷ್ಟ್ರು.

“ಎಡಗೈ.”

“ನಾನು ಬಲಗೈ ಅಂತ ಬರೆದಿದ್ದೆ. ಸುತ್ತಿಗೇನ ಹೇಗೆ ಎಳೀತಿದ್ದ? ಮೊಣಕೈಯಿಂದಾ?”

“ಅಲ್ಲ, ಗದ್ದದಿಂದ. ಹೀಗೆ.”

ಬಡಗಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ದಫೇದಾರನ ಲಾಠಿಯನ್ನು ಭುಜಕ್ಕೊತ್ತಿ, ಗದ್ದ ಬಗ್ಗಿಸಿ ಎಳೆದು ತೋರಿಸಿದ. ಮೇಷ್ಟ್ರು ಎದ್ದು ಸುತ್ತ ಬಂದು ನೋಡಿದರು. ಇನ್ನೊಮ್ಮೆ ಮಾಡು ಎಂದರು. ಮೂರನೆಯ ಸಲ ಮಾಡುವಾಗ ಅವರ ಮುಖದಲ್ಲಿ ಬೆಳಿಗ್ಗೆಯ ಗಾಬರಿಯೂ ಇರಲಿಲ್ಲ, ಆಗಿನ ಸೋಲೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವರಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಕ್ಕಿತ್ತು.

“ಆಮೇಲೆ ಮಾತಾಡ್ಕೊಳ್ಳಿ,” ಎಂದ ದಫೇದಾರ್, ದಸ್ತಗಿರಿ ಪತ್ರ ಮುಂದಿಟ್ಟುಕೊಂಡು. “ದಸ್ತಗಿರಿ ಆಗಿರೋ ವಿಷಯ ಯಾರಿಗೆ ತಿಳಿಸಬೇಕು? ನಿಮ್ಮ ಕಡೆಯವರ ಹೆಸರು ಹೇಳಿ.”

ಬಡಗಿ ಯೋಚಿಸಿದ. “ಯಾರೂ ಇಲ್ಲ ಸಾರ್.”

“ಯಾರಾದ್ರೂ ಒಬ್ಬರು ಬೇಕು. ಖಾಲಿ ಬಿಡೋ ಹಾಗಿಲ್ಲ.”

“ಅಣ್ಣ ಒಬ್ಬನಿದ್ದ.”

ದಫೇದಾರನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

“ನನ್ನ ಹೆಸರು ಬರಿಯಪ್ಪ,” ಎಂದರು ಮೇಷ್ಟ್ರು.

“ಸಾರ್, ನೀವು ದೂರುದಾರರು. ಕಳವಾಗಿರೋದು ನಿಮ್ಮ ಮನೇಲಿ.”

“ಅದಕ್ಕೇ ಹೇಳ್ತಿರೋದು. ನನಗೆ ಆಗಲೇ ತಿಳಿದಿದೆಯಲ್ಲ.”

ದಫೇದಾರ್ ಇನ್ಸ್‌ಪೆಕ್ಟರ್ ಕಡೆ ನೋಡಿದ. “ಬೇಡ ಅಂತ ಎಲ್ಲೂ ಬರೆದಿಲ್ಲ,” ಎಂದರು ಆಕೆ.

ಅವನು ಮೇಷ್ಟ್ರ ಹೆಸರು, ವಿಳಾಸ ಬರೆದ. ಮುಂದಿನ ಕಾಲಮ್ಮಿಗೆ ಬಂದ.

“ಸಂಬಂಧ?”

ಬಡಗಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಅಣ್ಣ ಅಂತ ಬರಿ,” ಎಂದರು.